ಚಿಕಿತ್ಸೆಗೆ ಇನ್ನೂ 18 ದಿನ, ಮೈಯಲ್ಲಿ ದಿನಕ್ಕೊಂದು ನೋವು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ನನಗೆ 47 ವರ್ಷ. ರಾಣೆಬೆನ್ನೂರು ಹತ್ತಿರದ ಹಳ್ಳಿಯವಳು. ಎಡ ಎದೆಯಲ್ಲಿ ಗಂಟು ಇತ್ತು. 12 ದಿನದ ಹಿಂದೆ ಹುಬ್ಬಳ್ಳಿಯಲ್ಲಿ ಬಯಾಪ್ಸಿ ಮಾಡಿದರು. ಕ್ಯಾನ್ಸರ್ ಅಂತ ಬಂತು. ಹರ್-2 ಟೆಸ್ಟ್ 2+ ಬಂದಿದೆಯಂತೆ, ಇನ್ನೊಂದು ಪರೀಕ್ಷೆ ಆಗಬೇಕು, 18 ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಸೂಜಿ ಹಾಕಿದ ಜಾಗ ನೀಲಿ, ಹಸಿರು ಆಗಿದೆ. ಗಂಟು ದೊಡ್ಡದಾದ ಹಾಗೆ ಕಾಣುತ್ತೆ. ಕಂಕುಳಲ್ಲಿ ಎಳೆತ. ಐದಾರು ದಿನದಿಂದ ಬೆನ್ನಿನ ನಡುವೆ ಒಂದೇ ಕಡೆ ನೋವು, ರಾತ್ರಿ ಎಚ್ಚರ ಆಗುತ್ತೆ. ಮಲಗಿದರೆ ಎದೆ ಬಿಗಿದು ಉಸಿರು ಸಾಲದ ಹಾಗಾಗಿ ಬೆರಳು ಜುಮುಜುಮು ಅನ್ನುತ್ತೆ. ರಿಪೋರ್ಟಿನಲ್ಲಿ ಗ್ರೇಡ್ 3 ಅಂತಿದೆ. ಮಗಳು ಫೋನಿನಲ್ಲಿ ನೋಡಿ ಮೂರನೇ ಸ್ಟೇಜ್ ಅಂದಳು. ಸೂಜಿ ಚುಚ್ಚಿದ್ದಕ್ಕೇ ಎಲ್ಲ ಕಡೆ ಹರಡಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೇಗೂ 18 ದಿನಕ್ಕೆ ಹೋಗುತ್ತೇವಲ್ಲ, ಅಲ್ಲಿವರೆಗೆ ತಡೆದುಕೋ ಅಂತಾರೆ ನಮ್ಮ ಯಜಮಾನರು. ಮುಂದಿನ ವಾರ ನಾದಿನಿ ಮಗಳ ಮದುವೆ ಬೇರೆ ಇದೆ. ಹೋಗಲಾ? ಏನು ಮಾಡಲಿ ಡಾಕ್ಟ್ರೇ?

ಉತ್ತರ: ಬೆನ್ನುನೋವಿನ ಬಗ್ಗೆ ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಎದೆ ಬಿಗಿಯುವುದನ್ನೂ ಅದೇ ಫೋನಿನಲ್ಲಿ ಹೇಳಿ. ಉಳಿದದ್ದು ಬಹುಮಟ್ಟಿಗೆ ಬಯಾಪ್ಸಿಯಿಂದ ಆಗಿರುವುದು. ಪತ್ರ ಓದಿ ಯಾರೂ ರೋಗ ಪರೀಕ್ಷೆ ಮಾಡೋಕಾಗಲ್ಲ, ಆದರೆ ಯಾವುದು ಎಷ್ಟು ತುರ್ತು ಅಂತ ಹೇಳಬಹುದು.

ನಿಮ್ಮ ಯಜಮಾನರ ಮಾತನ್ನು ನಾನು ಓಪಿಡಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. "ಹೇಗೂ ಬರೋದಿತ್ತಲ್ಲ ಮೇಡಂ, ಅದಕ್ಕೇ ಸುಮ್ನಿದ್ವಿ." ನಿಮಗೆ ಕೊಟ್ಟಿರುವ ತಾರೀಕು ಚಿಕಿತ್ಸೆ ಶುರು ಮಾಡೋದಕ್ಕೆ. ನಡುವೆ ಏನಾದರೂ ಆದರೆ ಕೇಳಬಾರದು, ಹೋಗಬಾರದು ಅಂತ ಅದರ ಅರ್ಥ ಅಲ್ಲ. ಹೊಸ ತೊಂದರೆ ಶುರುವಾಗಿ ತೋರಿಸೋಕೆ ಹೋದರೆ ಯಾರೂ ಬೈಯಲ್ಲ. ಬೈದರೂ ಹೋಗಿ.

ಈಗ ಸೂಜಿ ಹಾಕಿದ ಜಾಗ. ಬಯಾಪ್ಸಿ ಸೂಜಿ ಇಂಜೆಕ್ಷನ್ ಸೂಜಿಗಿಂತ ದಪ್ಪ. ಒಳಗೆ ಹೋಗಿ ಶ್ಯಾವಿಗೆ ಎಳೆಯಂಥ ತುಣುಕುಗಳನ್ನು ಕತ್ತರಿಸಿ ತರುತ್ತೆ. ಒಂದಲ್ಲ, ನಾಲ್ಕೈದು ಸಲ. ಹಾಗಾಗಿ ಒಳಗೆ ಸ್ವಲ್ಪ ರಕ್ತ ಸೋರಿ ನಿಂತಿರುತ್ತೆ. ಅದು ಮೊದಲು ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ ಆಗುತ್ತಾ ಕೆಳಗೆ ಇಳಿಯುತ್ತೆ. ಸೂಜಿ ಹಾಕಿದ್ದು ಮೇಲ್ಗಡೆ ಆಗಿದ್ದರೂ ಕಲೆ ಎದೆಯ ಕೆಳಮಡಿಕೆವರೆಗೆ ಬರಬಹುದು. ಪೂರ್ತಿ ಮಾಯಲು ಎರಡು ಮೂರು ವಾರ ಬೇಕು. 12ನೇ ದಿನಕ್ಕೆ ಹಸಿರು ಬಣ್ಣ ಅಂದರೆ ಗಾಯ ಮಾಯುತ್ತಿದೆ ಅಂತ.

ಗಂಟು ದೊಡ್ಡದಾದ ಹಾಗೆ ಅನ್ನಿಸುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಹೆಪ್ಪುಗಟ್ಟಿದ ರಕ್ತ, ಅದರ ಸುತ್ತ ಬಾವು, ಎಲ್ಲ ಸೇರಿ ಕೈಗೆ ಗಟ್ಟಿಯಾಗಿ ಸಿಗುತ್ತೆ. ಒಂದು ಲೆಕ್ಕ ನೋಡಿ. ಗಡ್ಡೆಯ ಅಡ್ಡಳತೆ ಎರಡರಷ್ಟು ಆಗಬೇಕಾದರೆ ಅದರಲ್ಲಿರುವ ಜೀವಕೋಶಗಳು ಸುಮಾರು ಎಂಟರಷ್ಟು ಆಗಬೇಕು. ಬಹುಪಾಲು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದು ಸಲ ದುಪ್ಪಟ್ಟಾಗುವುದಕ್ಕೇ ತಿಂಗಳುಗಳು ಹಿಡಿಯುತ್ತೆ. 12 ದಿನದಲ್ಲಿ ಕೈಗೆ ಗೊತ್ತಾಗುವಷ್ಟು ಬೆಳೆಯುವುದು ಅಪರೂಪ. ನಿಮ್ಮ ಗಂಟು ನಿಮ್ಮ ಕೈಗೆ ಸಿಗುವ ಎಷ್ಟೋ ಮೊದಲೇ ಒಳಗೆ ಇತ್ತು. ಕೇಳೋಕೆ ಕಹಿ ಮಾತು. ಆದರೆ ಈ ಎರಡು ವಾರದಲ್ಲಿ ಎಲ್ಲ ಕೈಮೀರಿಹೋಯಿತು ಅನ್ನುವ ಭಯಕ್ಕೆ ಅದೇ ಉತ್ತರ.

ಇದಕ್ಕೆ ಒಂದು ಅಪವಾದ ಇದೆ. ಎದೆಯ ಚರ್ಮ ಕೆಂಪಾಗಿ, ಬಿಸಿಯಾಗಿ, ದಪ್ಪವಾಗಿ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದು, ಅದು ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಕಾಯಬೇಡಿ. ಅಂಥ ಕ್ಯಾನ್ಸರ್ ವಾರಗಳಲ್ಲೇ ಬೆಳೆಯುತ್ತೆ. ವೈದ್ಯರು 18 ದಿನ ಕಾಯದೆ ನಿಮ್ಮನ್ನು ಇನ್ನೂ ಬೇಗ ಕರೆಯಬಹುದು. ಹಾಗೆಯೇ ಸೂಜಿ ಹಾಕಿದ ಜಾಗ ಕೆಲವೇ ಗಂಟೆಗಳಲ್ಲಿ ಬಿರುಸಾಗಿ ಊದಿಕೊಂಡರೆ, ಕೀವು ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ ಅವತ್ತೇ ತೋರಿಸಿ. ಇದಕ್ಕೆ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆ ಸಾಕು. ಫೈಲ್ ಮಾತ್ರ ಒಯ್ಯಿರಿ.

ಗಂಟನ್ನು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡುತ್ತೀರಿ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಸ್ನಾನಕ್ಕೆ ಹೋದಾಗ ಒಮ್ಮೆ, ಬ್ಲೌಸ್ ಹಾಕುವಾಗ ಒಮ್ಮೆ, ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಮ್ಮೆ, ಅಲ್ವಾ? ಮುಟ್ಟಿದರೆ ಹರಡಲ್ಲ. ಆದರೆ ಬಾವು ಬಂದ ಜಾಗವನ್ನು ಒತ್ತಿ ಒತ್ತಿ ನೋಡಿದರೆ ನೋವು ಜಾಸ್ತಿಯಾಗುತ್ತೆ. ಆ ನೋವಿಗೆ ಹೆದರಿ ಮತ್ತೆ ಒತ್ತುತ್ತೀರಿ. ವಾರಕ್ಕೆ ಒಮ್ಮೆ ಸಾಕು. ಅದೂ ಬೇಡ ಅನ್ನಿಸಿದರೆ ಬಿಟ್ಟುಬಿಡಿ, ಗಾತ್ರದ ಲೆಕ್ಕ ಅಲ್ಟ್ರಾಸೌಂಡಿನಲ್ಲಿ ಇದೆ.

ಕಂಕುಳ ಎಳೆತಕ್ಕೆ ಹೆಚ್ಚು ಹೇಳುವುದಿಲ್ಲ. ನೋವಾಗುತ್ತೆ ಅಂತ ತೋಳನ್ನು ಮೈಗೆ ಅಂಟಿಸಿಕೊಂಡು ಇದ್ದರೆ ಸ್ನಾಯು ಬಿಗಿಯುತ್ತೆ. ಬಯಾಪ್ಸಿಯ ಬಾವಿಗೆ ಕಂಕುಳ ಗ್ರಂಥಿ ಸ್ವಲ್ಪ ಊದಿಕೊಳ್ಳುವುದೂ ಉಂಟು. ಕಂಕುಳಿಗೂ ಸೂಜಿ ಹಾಕಿದ್ದರಂತೂ ಹೇಳೋದೇ ಬೇಡ. ಕೈಯನ್ನು ಮೆಲ್ಲಗೆ ಮೇಲೆತ್ತಿ, ತಲೆ ಬಾಚಿಕೊಳ್ಳಿ. ಕೊಡ ಹೊರಬೇಡಿ, ಅಷ್ಟೇ. ಇಡೀ ಕೈ ಊದಿಕೊಂಡರೆ ಮಾತ್ರ ತೋರಿಸಿ.

ಬೆನ್ನುನೋವಿಗೆ ಬರೋಣ. ನಲವತ್ತು ದಾಟಿದ ಹೆಂಗಸರಲ್ಲಿ ಬೆನ್ನುನೋವು ಇಲ್ಲದವರು ಕಡಿಮೆ. ನಿದ್ದೆ ಇಲ್ಲದೆ ಒಂದೇ ಮಗ್ಗುಲಲ್ಲಿ ಮುದುಡಿ ಮಲಗಿದರೂ ಬೆನ್ನು ಹಿಡಿಯುತ್ತೆ. ಅಂಥ ನೋವು ಕೂತರೆ ಒಂದು ಥರ, ನಡೆದರೆ ಒಂದು ಥರ. ಬಿಸಿನೀರು ಹಾಕಿಕೊಂಡರೆ, ಸ್ವಲ್ಪ ಓಡಾಡಿದರೆ ಹಗುರಾಗುತ್ತೆ. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಮೂಳೆಯ ನೋವು ಹೀಗಲ್ಲ. ಒಂದೇ ಜಾಗದಲ್ಲಿ ಕೂತಿರುತ್ತೆ. ಮಲಗಿದರೂ ಬಿಡಲ್ಲ, ರಾತ್ರಿ ಜಾಸ್ತಿ. ದಿನಾ ಒಂದು ಪಾವಲಿ ಏರುತ್ತಾ ಹೋಗುತ್ತೆ. ಕೆಮ್ಮಿದರೆ, ಸೀನಿದರೆ ಚುರ್ ಅನ್ನುತ್ತೆ. ಕೆಲವರಿಗೆ ಎದೆಯ ಸುತ್ತ ಪಟ್ಟಿ ಕಟ್ಟಿದ ಹಾಗೆ ಹಿಡಿಯುತ್ತೆ.

ನೀವು ಬರೆದಿರುವುದರಲ್ಲಿ ಎರಡು ಮಾತು ನನ್ನನ್ನು ನಿಲ್ಲಿಸಿದವು: "ಒಂದೇ ಕಡೆ" ಮತ್ತು "ರಾತ್ರಿ ಎಚ್ಚರ". ಇಷ್ಟಕ್ಕೇ ಮೂಳೆಗೆ ಹೋಗಿದೆ ಅಂತ ಅರ್ಥ ಅಲ್ಲ. ನೋಡಿದ ಮೇಲೆ ಸ್ನಾಯು ಹಿಡಿತ ಅಂತಲೇ ಗೊತ್ತಾಗಬಹುದು. ಆದರೆ ಸ್ತನ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವ ಜಾಗಗಳಲ್ಲಿ ಬೆನ್ನುಮೂಳೆಯೂ ಒಂದು. ಹಾಗಾಗಿ ಇದನ್ನು ಊಹೆಗೆ ಬಿಡಬಾರದು. ನಿಮ್ಮ ವೈದ್ಯರು ಬೆನ್ನು ಮುಟ್ಟಿ, ತಟ್ಟಿ ನೋಡುತ್ತಾರೆ. ಬೇಕಾದರೆ ಬೋನ್ ಸ್ಕ್ಯಾನ್, ಸಿಟಿ ಅಥವಾ ಎಂಆರ್‌ಐ ಬರೆಯುತ್ತಾರೆ. ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ "ಏನೂ ಇಲ್ಲ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮೂಳೆಯಲ್ಲಿ ಸಾಕಷ್ಟು ಹಾನಿ ಆಗುವವರೆಗೆ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಈ ಪರೀಕ್ಷೆ ಚಿಕಿತ್ಸೆಗೆ ಮೊದಲೇ ಆದರೆ ಒಳ್ಳೆಯದು. ಮೂಳೆ ಸರಿ ಇದ್ದರೆ ಒಂದು ಯೋಜನೆ, ಇಲ್ಲದಿದ್ದರೆ ಇನ್ನೊಂದು.

ಇನ್ನು ಇದು ಬಂದರೆ ಫೋನ್ ಮಾಡುತ್ತಾ ಕೂರಬೇಡಿ. ಬೆನ್ನುನೋವಿನ ಜೊತೆ ಕಾಲಲ್ಲಿ ಬಲ ಕಡಿಮೆಯಾದರೆ, ನಡೆಯುವಾಗ ಕಾಲು ಮಡಚಿಕೊಂಡರೆ, ಹೊಟ್ಟೆಯಿಂದ ಕೆಳಗೆ ಅಥವಾ ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಇಲ್ಲವೇ ಗೊತ್ತಿಲ್ಲದೆ ಹೋದರೆ, ತಕ್ಷಣ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವ ಲಕ್ಷಣ ಅದು. ಇದರಲ್ಲಿ ಗಂಟೆಗಳ ಲೆಕ್ಕ. ಚಿಕಿತ್ಸೆ ಶುರುವಾದಾಗ ನಡೆಯುತ್ತಿದ್ದವರು ಆಮೇಲೂ ನಡೆಯುವ ಸಾಧ್ಯತೆ ಹೆಚ್ಚು. "ನಾಳೆ ಬೆಳಗಾಗಲಿ" ಅಂದುಕೊಂಡವರಿಗೆ ಕಾಲಿನ ಶಕ್ತಿ ಮರಳಿ ಬರುವುದು ಕಷ್ಟ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ರಾತ್ರಿ ಎದೆ ಬಿಗಿದು ಬೆರಳು ಜುಮುಜುಮು ಅನ್ನುವುದು ಹೆಚ್ಚಾಗಿ ಗಾಬರಿಯಿಂದ. ಗಾಬರಿ ಅಂದರೆ ಸುಳ್ಳು ಕಾಯಿಲೆ ಅಂತಲ್ಲ, ಮೈಯಲ್ಲಿ ನಿಜವಾಗಿ ಬದಲಾವಣೆ ಆಗುತ್ತೆ. ಹೆದರಿದಾಗ ಉಸಿರು ಜೋರಾಗುತ್ತೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಕಡಿಮೆಯಾಗುತ್ತೆ. ಅದರಿಂದ ನರಗಳು ಚುರುಕಾಗಿ ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುತ್ತೆ, ತಲೆ ತೇಲುತ್ತೆ. ಉಸಿರು ಸಾಲದು ಅಂತ ಇನ್ನೂ ಜೋರಾಗಿ ಎಳೆಯುತ್ತೀರಿ, ಅದು ಇನ್ನೂ ಹೆಚ್ಚಾಗುತ್ತೆ. ಎದ್ದು ಕೂತು, ಕಾಲು ನೆಲಕ್ಕೆ ಊರಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ, ಆರು ಎಣಿಸುತ್ತಾ ನಿಧಾನ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು. ಐದು ನಿಮಿಷ ಮಾಡಿದರೆ ಜುಮುಜುಮು ಇಳಿಯಬೇಕು.

ಆದರೆ ಎಲ್ಲ ಎದೆ ಬಿಗಿತವನ್ನೂ ಗಾಬರಿಯ ಖಾತೆಗೆ ಬರೆಯಬೇಡಿ. ಕ್ಯಾನ್ಸರ್ ಇರುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಹಠಾತ್ತನೆ ಏದುಸಿರು ಬಂದರೆ, ಬಚ್ಚಲಿಗೆ ಹೋಗಿ ಬರುವಷ್ಟಕ್ಕೇ ಉಸಿರುಗಟ್ಟಿದರೆ, ಎದೆನೋವಿನ ಜೊತೆ ಬೆವರು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಅದು ತುರ್ತು. ಮತ್ತೆ 108. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡಿಸಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಜಾಸ್ತಿ ರಕ್ತ ಹೋಗಿ 8, 9ಕ್ಕೆ ಇಳಿದವರನ್ನು ಬಹಳ ನೋಡುತ್ತೇವೆ. ಅವರಿಗೆ ಮೆಟ್ಟಿಲು ಹತ್ತಿದರೂ ಏದುಸಿರು.

ನೀವು ಬರೆಯದೇ ಇರುವ ಎರಡು ಸಂಗತಿ ಮನೆಯವರಿಗೆ ಗೊತ್ತಿರಲಿ. ಹೊಸದಾಗಿ ಶುರುವಾದ ತಲೆನೋವು ಬೆಳಗ್ಗೆ ಎದ್ದಾಗಲೇ ಜಾಸ್ತಿ ಇದ್ದು ವಾಂತಿ ಆದರೆ, ಎರಡೆರಡು ಕಂಡರೆ, ಫಿಟ್ಸ್ ಬಂದರೆ. ಇನ್ನೊಂದು, ವಿಪರೀತ ದಾಹ, ಮಲಬದ್ಧತೆ, ಮಂಪರು, ಗಲಿಬಿಲಿ ಮಾತು ಒಟ್ಟಿಗೆ ಕಂಡರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಹೀಗಾಗುತ್ತೆ. ಇವೂ ಅವತ್ತೇ ತೋರಿಸುವಂಥವು.

ಈಗ ಗ್ರೇಡ್ 3. ನಿಮ್ಮ ಮಗಳಿಗೆ ಹೇಳಿ, ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ ಅಂದರೆ ಸೂಕ್ಷ್ಮದರ್ಶಕದಲ್ಲಿ ಆ ಜೀವಕೋಶಗಳು ಹೇಗೆ ಕಾಣುತ್ತವೆ ಅನ್ನೋದು. ಮೂರು ಗುಣಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಒಟ್ಟು 8 ಅಥವಾ 9 ಬಂದರೆ ಗ್ರೇಡ್ 3. ವೇಗವಾಗಿ ಬೆಳೆಯುವ ಗುಣ ಅಂತ ಅರ್ಥ. ಅಂಥವು ಕಿಮೊಗೆ ಚೆನ್ನಾಗಿ ಬಗ್ಗುವುದೂ ಉಂಟು. ಸ್ಟೇಜ್ ಅಂದರೆ ಗಡ್ಡೆ ಎಷ್ಟು ದೊಡ್ಡದು, ಕಂಕುಳಿಗೆ ಬಂದಿದೆಯಾ, ಬೇರೆ ಕಡೆ ಹೋಗಿದೆಯಾ ಅನ್ನುವ ಲೆಕ್ಕ. ಗ್ರೇಡ್ 3 ಇದ್ದು ಸ್ಟೇಜ್ 1 ಇರುವವರು ಎಷ್ಟೋ ಮಂದಿ ಇದ್ದಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ಸ್ಟೇಜ್ ಹುಡುಕಬೇಡಿ, ಅಲ್ಲಿ ಇರುವುದಿಲ್ಲ.

ಸೂಜಿಯಿಂದ ಹರಡಿತು ಅನ್ನುವ ಮಾತಿಗೆ ನನಗೆ ಸಿಟ್ಟು ಬರುತ್ತೆ. ಇದನ್ನು ನಂಬಿ ಬಯಾಪ್ಸಿ ತಪ್ಪಿಸಿಕೊಂಡು, ಒಂದು ವರ್ಷ ಬಿಟ್ಟು ಗಡ್ಡೆ ಒಡೆದ ಮೇಲೆ ಬರುವವರು ಈಗಲೂ ಇದ್ದಾರೆ. ಸೂಜಿ ಹೋದ ದಾರಿಯಲ್ಲಿ ಒಂದೆರಡು ಜೀವಕೋಶ ಜಾರಬಹುದು, ನಿಜ. ಆದರೆ ಅದರಿಂದ ರೋಗ ಮೈಗೆಲ್ಲ ಹರಡಿ ಆಯಸ್ಸು ಕಡಿಮೆಯಾಗುತ್ತೆ ಅನ್ನುವುದಕ್ಕೆ ಆಧಾರ ಇಲ್ಲ. ಗಡ್ಡೆ ಹಾರ್ಮೋನಿನಿಂದ ಬೆಳೆಯುತ್ತಾ ಅಂತ ಹೇಳುವ ಇ.ಆರ್., ಪಿ.ಆರ್., ಗಡ್ಡೆಯನ್ನು ಬೆಳೆಸುವ ಹರ್-2 ಅನ್ನುವ ಪ್ರೋಟೀನ್, ಬಯಾಪ್ಸಿ ಇಲ್ಲದೆ ಯಾವುದೂ ಗೊತ್ತಾಗಲ್ಲ. ಅದು ಗೊತ್ತಾಗದೆ ಯಾವ ಔಷಧಿ ಅಂತ ಹೇಗೆ ಹೇಳೋದು?

18 ದಿನ ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಹರ್-2 ಫಲಿತಾಂಶ 2+ ಅಂದರೆ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಆಗ ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಬೇಕು. ಅದು ಎಲ್ಲ ಊರಿನ ಲ್ಯಾಬಿನಲ್ಲಿ ಆಗಲ್ಲ, ಕಳಿಸಿ ತರಿಸಬೇಕು. ಹರ್-2 ಇದ್ದರೆ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ ಕೊಡಬಹುದು, ಅದು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತೆ. ಅದಕ್ಕೆ ಮೊದಲು ಹೃದಯದ ಎಕೋ ಆಗಬೇಕು. ಎರಡು ಮೂರು ವಾರದ ಇಂಥ ಕಾಯುವಿಕೆಯಿಂದ ಚಿಕಿತ್ಸೆಯ ಫಲ ಕೆಡುವುದಿಲ್ಲ. ಆದರೆ ವಾರಗಳು ತಿಂಗಳಾದರೆ ಖಂಡಿತ ಕೆಡುತ್ತೆ. ತೊಂದರೆ ಹಿಡಿದು ಮೊದಲ ಸಲ ತೋರಿಸಿದ ದಿನದಿಂದ ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಆದ್ದರಿಂದ ಆ ದಿನ ಹೋದಾಗ "ರಿಪೋರ್ಟ್ ಬಂದಿಲ್ಲ, ಮುಂದಿನ ತಿಂಗಳು ಬನ್ನಿ" ಅಂದರೆ ತಲೆಯಾಡಿಸಿ ವಾಪಸ್ ಬರಬೇಡಿ. ಲ್ಯಾಬಿಗೆ ಯಾವತ್ತು ಕಳಿಸಿದ್ದು, ಯಾರನ್ನು ಕೇಳಬೇಕು ಅಂತ ಕೇಳಿ. ಇನ್ನೂ ಒಳ್ಳೆಯದು, ಒಂದು ವಾರ ಮೊದಲೇ ಫೋನ್ ಮಾಡಿ ಕೇಳಿಬಿಡಿ.

ಕಾಯುವ ದಿನಗಳಲ್ಲಿ ಕಾಗದದ ಕೆಲಸ ಮುಗಿಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ರೆಫರಲ್ ಪತ್ರ ಬೇಕಾ, ಆಧಾರ್‌ನಲ್ಲೂ ರೇಷನ್ ಕಾರ್ಡಿನಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ವಿಚಾರಿಸಿ. ಹೆಸರಿನ ಒಂದು ಅಕ್ಷರಕ್ಕೆ ವಾರ ಹೋಗಿದ್ದನ್ನು ಕಂಡಿದ್ದೇನೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಹುಳುಕು ಹಲ್ಲಿದ್ದರೆ ವೈದ್ಯರನ್ನು ಕೇಳಿ ಕಿಮೊಗೆ ಮೊದಲೇ ತೋರಿಸಿ. ಎಲೆ ಅಡಿಕೆಗೆ ತಂಬಾಕು ಹಾಕುವ ರೂಢಿ ಇದ್ದರೆ ಬಿಡಿ.

ನೋವಿಗೆ ಪ್ಯಾರಸಿಟಮಾಲ್ 650 ತಗೊಳ್ಳಬಹುದು. ಎರಡು ಮಾತ್ರೆಯ ನಡುವೆ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದರೆ ಕೇಳಿಯೇ ತಗೊಳ್ಳಿ. ಮೈ ಬಿಸಿ ಅನ್ನಿಸಿದರೆ ಮೊದಲು ಜ್ವರ ನೋಡಿ, ಆಮೇಲೆ ಮಾತ್ರೆ. ಇಲ್ಲದಿದ್ದರೆ ಜ್ವರ ಮುಚ್ಚಿಹೋಗುತ್ತೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಅಂಗಡಿಯಿಂದ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿ ಮಾಡಬಹುದು. ಹೃದಯಕ್ಕೆ ಅಂತ ಆಸ್ಪಿರಿನ್ ಮೊದಲಿಂದ ತಗೊಳ್ಳುತ್ತಿದ್ದರೆ ನೀವಾಗೇ ನಿಲ್ಲಿಸಲೂಬೇಡಿ. ಇನ್ನು ಮಲೆನಾಡ ಕಡೆಯ ಮರದ ಚಕ್ಕೆಯ ಕಷಾಯ, ಅರಿಶಿನದ ಕ್ಯಾಪ್ಸೂಲ್, ಅಶ್ವಗಂಧ. ಯಾರಾದರೂ ತಂದುಕೊಟ್ಟೇ ಕೊಡುತ್ತಾರೆ. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ. ಆದರೆ ಕಷಾಯ, ಪುಡಿಗಳಿಂದ ಲಿವರ್ ಪರೀಕ್ಷೆ ಏರುಪೇರಾದರೆ ಕಿಮೊ ಮುಂದಕ್ಕೆ ಹೋಗುತ್ತೆ. ಈಗಾಗಲೇ ಕುಡಿದಿದ್ದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಗಂಟಿಗೆ ಶಾಖ, ಎಣ್ಣೆ ತಿಕ್ಕುವುದು, ಪಟ್ಟು ಹಾಕುವುದು ಯಾವುದೂ ಬೇಡ. ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತೆ ಅಂತ ಊಟ ಬಿಟ್ಟು ಸೊರಗಬೇಡಿ. ಹೊಟ್ಟೆ ತುಂಬ ತಿನ್ನಿ. ಕಾಳು, ಹಾಲು, ತಿನ್ನುವವರಾದರೆ ಮೊಟ್ಟೆ.

ಒಂದು ನೋಟ್‌ಬುಕ್ ಇಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬರೆಯಿರಿ: ಎಲ್ಲಿ ನೋವು, ಹತ್ತಕ್ಕೆ ಎಷ್ಟು, ಏನು ಮಾಡಿದರೆ ಕಡಿಮೆಯಾಯಿತು. ಉಳಿದ ಹೊತ್ತು ಲೆಕ್ಕ ಹಾಕಬೇಡಿ. ಹೊಸದು, ಏರುತ್ತಲೇ ಇದೆ, ರಾತ್ರಿ ಏಳಿಸುತ್ತೆ: ಈ ಮೂರರಲ್ಲಿ ಎರಡು ಸೇರಿದರೆ ಎರಡು ದಿನದೊಳಗೆ ಫೋನ್. ನಾಳೆ ಹೀಗೆ ಹೇಳಿ: "ನನಗೆ ಸ್ತನ ಕ್ಯಾನ್ಸರ್ ಅಂತ ಬಂದಿದೆ, ಫಿಶ್ ರಿಪೋರ್ಟಿಗೆ ಕಾಯುತ್ತಿದ್ದೇನೆ, ಫೈಲ್ ನಂಬರ್ ಇದು. ಐದಾರು ದಿನದಿಂದ ಬೆನ್ನಿನ ನಡುವೆ ಒಂದೇ ಕಡೆ ನೋವು, ರಾತ್ರಿ ಎಚ್ಚರ ಆಗುತ್ತೆ. ಕಾಲಿಗೆ ಬಲ ಇದೆ." ಕಾಲಿನ ಬಲ, ಮೂತ್ರದ ವಿಷಯ ಅವರು ಕೇಳುವ ಮೊದಲೇ ಹೇಳಿ. ಬರೀ "ಬೆನ್ನುನೋವು" ಅಂದರೆ "ತಾರೀಕಿಗೆ ಬನ್ನಿ" ಅಂತ ಫೋನ್ ಇಡುತ್ತಾರೆ. ಫೋನ್ ಎತ್ತದಿದ್ದರೆ ಮಗಳನ್ನು ಕರೆದುಕೊಂಡು ಓಪಿಡಿಗೇ ಹೋಗಿ. ನಿದ್ದೆ ಬಾರದಿದ್ದರೆ ಅದನ್ನೂ ಹೇಳಿ, ಸ್ವಲ್ಪ ದಿನಕ್ಕೆ ಮಾತ್ರೆ ಕೊಡುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ನಡುರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಮದುವೆ ವಿಷಯ. ಬೆನ್ನು ತೋರಿಸಿದ ಮೇಲೆ, ಅವರು ಬೇಡ ಅನ್ನದಿದ್ದರೆ, ಧಾರಾಳವಾಗಿ ಹೋಗಿ. ಕ್ಯಾನ್ಸರ್ ಅಂಟುರೋಗ ಅಲ್ಲ, ಮಕ್ಕಳನ್ನು ಎತ್ತಿ ಮುದ್ದಾಡಬಹುದು, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಬಿಗಿ ಬ್ಲೌಸ್ ಬೇಡ, ಸಡಿಲ ಮಾಡಿಸಿಕೊಳ್ಳಿ. ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಇಳಿಸುವ ಕೆಲಸ ಈ ಸಲ ಬೇರೆಯವರಿಗೆ ಬಿಡಿ. ಯಾರಾದರೂ ಏನಮ್ಮಾ ಸಪ್ಪಗಿದ್ದೀಯಾ ಅಂದರೆ ಹೇಳಬೇಕು ಅನ್ನಿಸಿದವರಿಗೆ ಹೇಳಿ, ಉಳಿದವರಿಗೆ ಬೆನ್ನುನೋವು ಅಂದುಬಿಡಿ. ಫೋನ್ ಮಾತ್ರ ಬ್ಯಾಗಿನ ತಳದಲ್ಲಿ ಹಾಕಬೇಡಿ. ವಾಲಗದ ಸದ್ದಿನಲ್ಲಿ ಆಸ್ಪತ್ರೆಯ ಕರೆ ಕೇಳಿಸದೇ ಹೋದೀತು, ಮಗಳ ಕೈಗೆ ಕೊಟ್ಟಿರಿ.